ಕನ್ನಂಬಾಡಿ ಹಿನ್ನೀರಿನ ಹಳೇ ಬೋಟಿಗೆ ಇಂಜೆಕ್ಷನ್ ಹಾಕಿಸಬಹುದಾ?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನವನು. ಕನ್ನಂಬಾಡಿ ಹಿನ್ನೀರಿನಲ್ಲಿ ನಮ್ಮದೊಂದು ಫೈಬರ್ ಬೋಟ್ ಇದೆ. ಅಪ್ಪ ಗೋವಾದಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಎಂಜಿನ್ ಮರ್ಕ್ರೂಸರ್ 3.0, ನಾಲ್ಕು ಸಿಲಿಂಡರ್ ಪೆಟ್ರೋಲ್, ಹಿಂದೆ ಆಲ್ಫಾ ಒನ್ ಡ್ರೈವ್. ಬೇಸಿಗೆಯಲ್ಲಿ ನೀರು ಇಳಿದಾಗ ಎರಡು ಮೂರು ತಿಂಗಳು ದಡಕ್ಕೆ ಎಳೆದು ನಿಲ್ಲಿಸುತ್ತೇವೆ. ಮತ್ತೆ ಇಳಿಸುವಾಗ ಪ್ರತಿ ಸಲ ಕಾರ್ಬುರೇಟರ್ ಬಿಚ್ಚಿ ತೊಳೆಯಬೇಕು. ಪ್ಲಗ್‌ಗಳು ಮಸಿ ಹಿಡಿಯುತ್ತವೆ. ಮೊದಲಿನ ಪಿಕಪ್ ಇಲ್ಲ. ದಡಕ್ಕೆ ಬಂದು ಗೇರ್ ಬಿಡಿಸುವಾಗ ಎಂಜಿನ್ ಆಫ್ ಆಗುತ್ತದೆ, ಎರಡು ಸಲ ಬೋಟ್ ಕಲ್ಲಿಗೆ ಬಡಿದಿದೆ. ಮಂಡ್ಯದಲ್ಲಿ ಗ್ಯಾರೇಜ್ ಇಟ್ಟಿರುವ ಸ್ನೇಹಿತ, "ಕಾರ್ಬುರೇಟರ್ ಕಿತ್ತು ಬಿಸಾಕು, ಗುಜರಿಗೆ ಬಂದ ಕಾರಿನ ಇಂಜೆಕ್ಷನ್ ಸೆಟ್ ಕೂರಿಸಿ ಕೊಡ್ತೀನಿ" ಅನ್ನುತ್ತಾನೆ. ರೆಡಿ ಕಿಟ್ ಕೂಡ ತರಿಸಬಹುದಂತೆ. ಹಾಕಿಸಬಹುದಾ? ಹಾಕಿಸಿದರೆ ಯಾವುದು?

ಉತ್ತರ: ಹಾಕಿಸಬಹುದು. ಇಂಜೆಕ್ಷನ್ ಅಂದರೆ ಕಾರ್ಬುರೇಟರ್ ಬದಲು ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಚಿಮುಕಿಸುವ ವ್ಯವಸ್ಥೆ. ನಿಮ್ಮ ಎಂಜಿನ್‌ಗೆ ಒಪ್ಪುವ ದಾರಿಯೂ ಇದೆ, ಕೆಳಗೆ ಹೇಳುತ್ತೇನೆ. ಆದರೆ ನೀವು ಬರೆದಿರುವ ತೊಂದರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾರ್ಬುರೇಟರ್‌ದೇ ಅಲ್ಲ. ಲಕ್ಷ ರೂಪಾಯಿ ಮೇಲೆ ಖರ್ಚು ಮಾಡಿ ಇಂಜೆಕ್ಷನ್ ಹಾಕಿಸಿದ ಮೇಲೂ ಬೋಟ್ ಅದೇ ಕಲ್ಲಿಗೆ ಬಡಿಯುತ್ತದೆ. ಅದಕ್ಕೇ ಮೊದಲು ರೋಗ ಯಾವುದು ಅಂತ ನೋಡೋಣ.

ನಾನು ಕೆಲಸ ಕಲಿತದ್ದು ಮೈಸೂರಿನಲ್ಲಿ, ಯೆಜ್ಡಿ ಗಾಡಿಗಳ ಮೇಲೆ. ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಊರ ತುಂಬ ಆ ಗಾಡಿಗಳೇ ಇದ್ದವು. ಜಿಕೋವ್ ಕಾರ್ಬುರೇಟರ್‌ನ ಜೆಟ್ಟನ್ನು, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಣುಕನ್ನು, ಬೆಳಕಿಗೆ ಹಿಡಿದು, ತೂತಿನ ಅಂಚಿನಲ್ಲಿ ಅಂಟಿರುವ ಹಳದಿ ಕಸವನ್ನು ಊದಿ ತೆಗೆಯುವುದೇ ನಮಗೆ ಮೊದಲ ಪಾಠ. ಆಮೇಲೆ ಮಂಗಳೂರಿನ ದಕ್ಕೆಯಲ್ಲಿ ಹದಿನಾಲ್ಕು ವರ್ಷ ಬೋಟ್ ಎಂಜಿನ್ ಕೆಲಸ ಮಾಡಿದೆ. ನನಗೆ ಕಾರ್ಬುರೇಟರ್ ಮೇಲೆ ಮೋಹವೂ ಇಲ್ಲ, ಇಂಜೆಕ್ಷನ್ ಮೇಲೆ ಸಿಟ್ಟೂ ಇಲ್ಲ. ಎರಡನ್ನೂ ನೀರಿನ ಮೇಲೆ ನೋಡಿದ್ದೇನೆ.

ಮೊದಲು ಆ ಕಲ್ಲಿನ ವಿಷಯ. ಗೇರ್ ಬಿಡಿಸುವಾಗ ಮಾತ್ರ ಎಂಜಿನ್ ಆಫ್ ಆಗುತ್ತದೆ ಅಂತ ಬರೆದಿದ್ದೀರಿ. ನ್ಯೂಟ್ರಲ್‌ನಲ್ಲಿ ನಿಂತಾಗ ಆಫ್ ಆಗುವುದಿಲ್ಲ ಅಲ್ವಾ? ಹಾಗಿದ್ದರೆ ಅದು ಪೆಟ್ರೋಲಿನ ದೋಷ ಆಗಿರುವುದು ಅಪರೂಪ. ಆಲ್ಫಾ ಒನ್ ಡ್ರೈವಿನಲ್ಲಿ, ಅಂದರೆ ಗೇರೂ ಪ್ರೊಪೆಲ್ಲರೂ ಇರುವ ಹಿಂದಿನ ಭಾಗದಲ್ಲಿ, ಗೇರ್ ಬಿಡಿಸುವಾಗ ಕ್ಲಚ್ಚಿನ ಹಲ್ಲುಗಳ ಮೇಲಿನ ಭಾರ ಇಳಿಸಬೇಕು. ಅದಕ್ಕಾಗಿ ಶಿಫ್ಟ್ ಕೇಬಲ್ ಸೇರುವ ಪ್ಲೇಟಿನ ಮೇಲೆ ಒಂದು ಸಣ್ಣ ಸ್ವಿಚ್ ಕೊಟ್ಟಿದ್ದಾರೆ. ಗೇರ್ ಬಿಗಿಯಾಗಿ ಹಿಡಿದಿದ್ದರೆ ಆ ಸ್ವಿಚ್ ಒಂದು ಕ್ಷಣ ಇಗ್ನಿಷನ್ ಕಡಿದು ಮತ್ತೆ ಬಿಡುತ್ತದೆ. ಎಂಜಿನ್ ಒಮ್ಮೆ ತೊದಲಿ ಮುಂದುವರಿಯಬೇಕು. ಡ್ರೈವ್ ಕಡೆಯ ಕೇಬಲ್‌ನೊಳಗೆ ತುಕ್ಕು ಹಿಡಿದು ಬಿಗಿಯಾಗಿದ್ದರೆ ಸ್ವಿಚ್ ಒತ್ತಿದಂತೆಯೇ ಉಳಿಯುತ್ತದೆ. ಎಂಜಿನ್ ಆಫ್. ಗೋವಾದ ಉಪ್ಪು ನೀರಿನಿಂದ ಬಂದ ಬೋಟಿಗೆ ಈ ಕಾಯಿಲೆ ಬರಲೇಬೇಕು ಅನ್ನುವಷ್ಟು ಸಾಮಾನ್ಯ.

ಪರೀಕ್ಷೆ ಸುಲಭ. ಜನ ಇಲ್ಲದ ಕಡೆ, ವಿಶಾಲವಾದ ನೀರಿನಲ್ಲಿ, ಆ ಸ್ವಿಚ್ಚಿನ ಒಂದು ವಯರ್ ಬಿಚ್ಚಿ ತುದಿಗೆ ಟೇಪ್ ಸುತ್ತಿ. ಈಗ ಗೇರ್ ಹಾಕಿ ಬಿಡಿಸಿ ನೋಡಿ. ಗೇರ್ ಬಿಡಲು ಸ್ವಲ್ಪ ಗಟ್ಟಿ ಅನ್ನಿಸಬಹುದು, ಅದಕ್ಕೇ ವಿಶಾಲ ನೀರು ಅಂದದ್ದು. ಎಂಜಿನ್ ಆಫ್ ಆಗದಿದ್ದರೆ ಕಳ್ಳ ಸಿಕ್ಕ ಹಾಗೆ. ಕೇಬಲ್ ಹೊಸದು ಹಾಕಿಸಿ, ಸ್ವಿಚ್ಚಿನ ವಯರ್ ವಾಪಸ್ ಜೋಡಿಸಿ. ಸುಮ್ನೆ ಬಿಚ್ಚಿಟ್ಟು ಓಡಿಸುವ ಅಭ್ಯಾಸ ಮಾತ್ರ ಬೇಡ, ಕ್ಲಚ್ಚಿನ ಹಲ್ಲು ಸವೆದುಹೋಗುತ್ತದೆ.

ಇನ್ನು ಮಸಿ ಹಿಡಿದ ಪ್ಲಗ್. "ಗೋವಾದಲ್ಲಿ ಸಮುದ್ರ ಮಟ್ಟ, ಇಲ್ಲಿ ಎತ್ತರ, ಅದಕ್ಕೇ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ" ಅಂತ ಯಾರಾದರೂ ಹೇಳಿರಬಹುದು. ಮಾತು ಸುಳ್ಳಲ್ಲ, ಆದರೆ ಅರ್ಧ ಲೆಕ್ಕ. ಕಟ್ಟೆಯ ಹಿನ್ನೀರು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಗಾಳಿ ನೂರಕ್ಕೆ ಎಂಟರಷ್ಟು ತೆಳು. ಕಾರ್ಬುರೇಟರ್ ಕೆಲಸ ಮಾಡುವ ರೀತಿಯಿಂದ ಗಾಳಿ-ಪೆಟ್ರೋಲ್ ಮಿಶ್ರಣ ನೂರಕ್ಕೆ ನಾಲ್ಕರಷ್ಟು ಮಾತ್ರ ರಿಚ್ (ಪೆಟ್ರೋಲ್ ಜಾಸ್ತಿ) ಆಗುತ್ತದೆ. ಇನ್ನೊಂದು ಕಡೆ ಇವತ್ತಿನ ಬಂಕಿನ ಪೆಟ್ರೋಲ್ ನೋಡಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟ ಇ20, ಅಂದರೆ ನೂರಕ್ಕೆ ಇಪ್ಪತ್ತು ಎಥನಾಲ್. ಶುದ್ಧ ಪೆಟ್ರೋಲಿಗೆ ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು. ಇ20ಗೆ 13.5ರ ಆಸುಪಾಸು ಸಾಕು. ಅದೇ ಜೆಟ್ಟಿನಲ್ಲಿ ಇ20 ಓಡಿಸಿದರೆ ಮಿಶ್ರಣ ನೂರಕ್ಕೆ ಎಂಟರಷ್ಟು ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಎತ್ತರ ನಾಲ್ಕು ಕೊಟ್ಟಿತು, ಎಥನಾಲ್ ಎಂಟು ಕಿತ್ತುಕೊಂಡಿತು. ಒಟ್ಟಿನಲ್ಲಿ ನಿಮ್ಮ ಎಂಜಿನ್ ಗೋವಾದಲ್ಲಿದ್ದಾಗಿನದಕ್ಕಿಂತ ತುಸು ಲೀನ್ ಓಡಬೇಕು. ಆದರೂ ಪ್ಲಗ್ ಕಪ್ಪಾಗುತ್ತಿದೆ ಅಂದರೆ ಕಾರಣ ಬೇರೆ ಇದೆ.

ನನ್ನ ಅನುಮಾನ ಥರ್ಮೋಸ್ಟಾಟ್ ಮೇಲೆ. ಎಂಜಿನ್ ಬಿಸಿಯಾಗುವವರೆಗೆ ತಂಪು ನೀರನ್ನು ತಡೆಯುವ ಬಾಗಿಲು ಅದು. ನಮ್ಮ ಕಡೆ ಎಂಜಿನ್ ಒಮ್ಮೆ ಬಿಸಿಯಾದರೆ ಸಾಕು, ಥರ್ಮೋಸ್ಟಾಟ್ ಕಿತ್ತು ಪಕ್ಕಕ್ಕಿಡುವುದು ರೂಢಿ. ನಿಮ್ಮ ಎಂಜಿನ್ ಹೊಳೆಯ ನೀರನ್ನೇ ಎಳೆದು ತಂಪಾಗುವಂಥದ್ದು. ಮಳೆಗಾಲದ ತಣ್ಣನೆ ನೀರು ತಡೆಯಿಲ್ಲದೆ ಹರಿದರೆ ಎಂಜಿನ್ ಯಾವತ್ತೂ ಬಿಸಿಯೇ ಆಗುವುದಿಲ್ಲ. ಪೆಟ್ರೋಲ್ ಪೂರ್ತಿ ಆವಿಯಾಗದೆ ಗೋಡೆಗೆ ಅಂಟಿ, ಪ್ಲಗ್ ಮಸಿ ಹಿಡಿದು, ಕೊನೆಗೆ ಆಯಿಲಿಗೆ ಇಳಿಯುತ್ತದೆ. ಆಯಿಲ್ ಕಡ್ಡಿ ಎಳೆದು ಮೂಗಿನ ಹತ್ತಿರ ಹಿಡಿಯಿರಿ. ಪೆಟ್ರೋಲ್ ವಾಸನೆ ಬಂದರೆ ಮೊದಲು ಥರ್ಮೋಸ್ಟಾಟ್ ಮನೆ ಬಿಚ್ಚಿ ಒಳಗೆ ಏನಿದೆ ನೋಡಿ. ಮಾಡೆಲ್ ಪ್ರಕಾರ 60 ಅಥವಾ 71 ಡಿಗ್ರಿಯದ್ದು ಇರಬೇಕು. ಅದಿದ್ದೂ ಕಪ್ಪಾಗುತ್ತಿದ್ದರೆ ಆಮೇಲೆ ಚೋಕ್ ಪೂರ್ತಿ ತೆರೆಯುತ್ತಿದೆಯಾ, ಫ್ಲೋಟ್ ಮಟ್ಟ ಸರಿಯಿದೆಯಾ, ಮೇಲಿನ ಫ್ಲೇಮ್ ಅರೆಸ್ಟರ್ (ಎಂಜಿನ್ ಒಳಗಿನ ಬೆಂಕಿ ಹೊರಬರದಂತೆ ತಡೆಯುವ ಜಾಲರಿ) ಎಣ್ಣೆ ಧೂಳಿನಿಂದ ಕಟ್ಟಿಕೊಂಡಿದೆಯಾ ನೋಡಿ.

ಪಿಕಪ್ ಕಡಿಮೆಯಾಗಿದ್ದಕ್ಕೂ ಎತ್ತರವೇ ಒಂದು ಕಾರಣ. ತೆಳು ಗಾಳಿಯಲ್ಲಿ ಎಂಜಿನ್ ಶಕ್ತಿ ನೂರಕ್ಕೆ ಎಂಟರಷ್ಟು ಇಳಿಯುತ್ತದೆ, ಇಂಜೆಕ್ಷನ್ ಅದನ್ನು ವಾಪಸ್ ತಂದುಕೊಡುವುದಿಲ್ಲ. ಆದರೆ ಪ್ರೊಪೆಲ್ಲರ್ ಗೋವಾದ ಸಮುದ್ರ ಮಟ್ಟಕ್ಕೆ ಆರಿಸಿದ್ದು. ಪೂರ್ತಿ ಜನ ಹತ್ತಿಸಿಕೊಂಡು ಥ್ರಾಟಲ್ ಕೊನೆವರೆಗೆ ಎಳೆದಾಗ ಈ ಎಂಜಿನ್ 4400ರಿಂದ 4800 ಆರ್‌ಪಿಎಂ ಮುಟ್ಟಬೇಕು. ಮುಟ್ಟದೆ 4000ದಲ್ಲಿ ಒದ್ದಾಡುತ್ತಿದ್ದರೆ ಎರಡು ಇಂಚು ಕಡಿಮೆ ಪಿಚ್ಚಿನ ಪ್ರೊಪೆಲ್ಲರ್ ಹಾಕಿ. ಪಿಚ್ ಅಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗಬೇಕಾದ ದೂರ. ಒಂದು ಇಂಚಿಗೆ 150ರಿಂದ 200 ಆರ್‌ಪಿಎಂ ಏರುತ್ತದೆ. ಬೋಟ್ ಹೊಸ ಜೀವ ಬಂದಂತೆ ಏಳುತ್ತದೆ.

ಬೇಸಿಗೆಯಲ್ಲಿ ನಿಲ್ಲಿಸಿದಾಗ ಕಾರ್ಬುರೇಟರ್ ಕಟ್ಟುವುದು ನಿಜವಾಗಿಯೂ ಪೆಟ್ರೋಲಿನ ತೊಂದರೆ. ಇದೊಂದನ್ನು ಇಂಜೆಕ್ಷನ್ ಬಹಳಷ್ಟು ಕಡಿಮೆ ಮಾಡುತ್ತದೆ. ಯಾಕೆಂದರೆ ಗಾಳಿಗೆ ತೆರೆದ ಬಟ್ಟಲಿನಲ್ಲಿ ಪೆಟ್ರೋಲ್ ನಿಂತು ಒಣಗುವುದಿಲ್ಲ. ಆದರೆ ಟ್ಯಾಂಕಿನಲ್ಲಿ ನಿಂತದ್ದು ನಿಂತೇ ಇರುತ್ತದಲ್ಲ. ಎಥನಾಲ್ ಅಂದರೆ ನಮ್ಮ ಮಂಡ್ಯದ ಕಬ್ಬಿನಿಂದಲೂ ಬರುವ ಸರಕು, ಅದರ ಮೇಲೆ ನನಗೆ ಬೇಸರವಿಲ್ಲ. ಗುಣ ಮಾತ್ರ ತಿಳಿದಿರಬೇಕು. ಅದು ನೀರನ್ನು ಎಳೆದುಕೊಳ್ಳುತ್ತದೆ. ಹಿನ್ನೀರಿನ ದಡದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ನಿಲ್ಲಿಸಿದರೆ ಹಗಲಿನ ಬಿಸಿಗೆ ಗಾಳಿ ಹೊರಹೋಗಿ, ರಾತ್ರಿಯ ತಂಪಿಗೆ ತೇವದ ಗಾಳಿ ಒಳಬರುತ್ತದೆ. ಮಳೆ ನೀರು ಮುಚ್ಚಳದ ಹತ್ತಿರ ಇಳಿಯುವುದೂ ಉಂಟು. ನೀರು ಒಂದು ಮಿತಿ ದಾಟಿದರೆ ಎಥನಾಲನ್ನು ಜೊತೆಗೆ ಎಳೆದುಕೊಂಡು ಟ್ಯಾಂಕಿನ ತಳ ಸೇರುತ್ತದೆ. ಪೈಪು ಮೊದಲು ಹೀರುವುದು ಅದನ್ನೇ.

ನೀವೇ ಕಣ್ಣಾರೆ ನೋಡಬಹುದು. ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ಪೆಟ್ರೋಲ್ ತೆಗೆದು ನೆರಳಿನಲ್ಲಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ಕೆಳಗೆ ಬೇರೆ ಪದರ ಕಂಡರೆ ಆ ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಯಬೇಕು. ಎಥನಾಲ್ ಎಷ್ಟಿದೆ ಅಂತ ನೋಡುವುದಕ್ಕೂ ಒಂದು ಉಪಾಯವಿದೆ. ಶಾಲೆಯ ಲ್ಯಾಬಿನಲ್ಲಿ ಇರುವಂಥ ನೂರು ಎಂಎಲ್ ಅಳತೆ ಗಾಜು ತಗೊಳ್ಳಿ. ಹತ್ತು ಎಂಎಲ್ ನೀರು ಹಾಕಿ, ನೂರರ ಗೆರೆವರೆಗೆ ಬಂಕಿನಿಂದ ತಂದ ಹೊಸ ಪೆಟ್ರೋಲ್ ತುಂಬಿ, ಬಾಯಿ ಮುಚ್ಚಿ ಅಲುಗಾಡಿಸಿ ಬಿಡಿ. ತಳದ ಪದರ ಹತ್ತರಿಂದ ಇಪ್ಪತ್ತೆಂಟರ ಹತ್ತಿರ ಏರಿದರೆ ಆ ತೊಂಬತ್ತು ಎಂಎಲ್‌ನಲ್ಲಿ ಹದಿನೆಂಟು ಎಥನಾಲ್, ಅಂದರೆ ನೂರಕ್ಕೆ ಇಪ್ಪತ್ತು. ಮನೆಯ ಮಕ್ಕಳಿಗೂ ದೂರದಲ್ಲಿ ನಿಲ್ಲಿಸಿ ತೋರಿಸಿ, ಚೆನ್ನಾಗಿರುತ್ತದೆ. ಒಲೆ, ದೀಪ, ಬೀಡಿ ಹತ್ತಿರ ಇರಬಾರದು ಅಷ್ಟೇ.

ಟ್ಯಾಂಕ್ ಯಾವುದರದ್ದು ಅಂತ ನೀವು ಬರೆದಿಲ್ಲ. ಅಲ್ಯೂಮಿನಿಯಂ ಆದರೆ ತೊಳೆದು ಬಳಸಬಹುದು. ಹಳೇ ಫೈಬರ್ ಟ್ಯಾಂಕ್ ಆದರೆ ಎಥನಾಲ್ ಅದರ ರೆಸಿನನ್ನೇ ಕರಗಿಸಿ ಎಂಜಿನ್ ಒಳಗೆ ಅಂಟು ಬಳಿಯುತ್ತದೆ. ಆ ಟ್ಯಾಂಕ್ ತೆಗೆದುಹಾಕುವುದು ಬಿಟ್ಟು ಬೇರೆ ದಾರಿಯಿಲ್ಲ. ಹಳೇ ರಬ್ಬರ್ ಪೈಪುಗಳೂ ಹಾಗೆಯೇ, ಹಿಚುಕಿದರೆ ಜಿಗುಟು ಹತ್ತುವಂಥದ್ದನ್ನು ಇಂದೇ ಬದಲಿಸಿ. ಟ್ಯಾಂಕಿಗೂ ಎಂಜಿನಿಗೂ ನಡುವೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಇಲ್ಲದಿದ್ದರೆ ಹಾಕಿಸಿ. ಇಂಜೆಕ್ಟರ್‌ನ ತೂತು ಜೆಟ್ಟಿಗಿಂತ ಬಹಳ ಸಣ್ಣದು. ಕಾರ್ಬುರೇಟರ್ ನುಂಗಿಕೊಳ್ಳುವ ಕಸ ಇಂಜೆಕ್ಟರ್ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇಷ್ಟಾದ ಮೇಲೆ ನಾಲ್ಕೂ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ನೋಡಿಸಿ. ಒಂದಕ್ಕೊಂದು ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಅದರ ಮೇಲಿನ ಎಲ್ಬೋ ಬಿಚ್ಚಿಸಿ ಒಳಗೆ ಟಾರ್ಚ್ ಹಾಕಿ. ಉಪ್ಪು ನೀರು ತಿಂದ ಎರಕದ ಗೋಡೆ ತೆಳುವಾಗಿ ಒಂದು ದಿನ ನೀರನ್ನು ಸಿಲಿಂಡರಿಗೆ ಬಿಡುತ್ತದೆ. ಅಂಥ ಎಂಜಿನ್ ಮೇಲೆ ಹೊಸ ಇಂಜೆಕ್ಷನ್ ಕೂರಿಸುವುದು ದುಡ್ಡು ನೀರಿಗೆ ಹಾಕಿದಂತೆಯೇ.

ಈಗ ಇಂಜೆಕ್ಷನ್‌ಗೆ ಬರೋಣ. ನಿಮ್ಮ ಸ್ನೇಹಿತರು ಒಳ್ಳೆಯ ಮೆಕ್ಯಾನಿಕ್ ಇರಬಹುದು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ದ್ವಿಚಕ್ರ ವಾಹನಗಳೂ ಇಂಜೆಕ್ಷನ್‌ಗೆ ಹೋದವು, ನಮ್ಮ ಹುಡುಗರೆಲ್ಲ ಸ್ಕ್ಯಾನರ್ ಹಿಡಿಯುವುದು ಕಲಿತರು. ಆದರೆ ಗುಜರಿ ಕಾರಿನ ಸೆಟ್ ಇಲ್ಲಿ ನಡೆಯುವುದಿಲ್ಲ. ಕಾರಿನ ಇಸಿಯು, ಅಂದರೆ ಪೆಟ್ರೋಲ್ ಲೆಕ್ಕ ಹಾಕುವ ಕಂಪ್ಯೂಟರ್, ತನ್ನದೇ ಎಂಜಿನ್‌ನ ಲೆಕ್ಕವನ್ನು ಮಾತ್ರ ಬಲ್ಲದು. ಒಂದೂಕಾಲು ಲೀಟರ್ ಎಂಜಿನ್‌ನ ಲೆಕ್ಕ ಇಟ್ಟುಕೊಂಡು ಮೂರು ಲೀಟರ್ ಎಂಜಿನ್‌ಗೆ ಪೆಟ್ರೋಲ್ ಬಡಿಸಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೆಗಾಸ್ಕ್ವರ್ಟ್ ತರಹದ, ಲ್ಯಾಪ್‌ಟಾಪ್ ಇಟ್ಟು ನಾವೇ ಲೆಕ್ಕ ತುಂಬುವ ಇಸಿಯು ಬೇಕು. ಅಥವಾ ಬೋಟಿಗೆಂದೇ ಮಾಡಿದ ಕಿಟ್ ಬೇಕು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ಉತ್ತರದಲ್ಲಿ ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ. ಕಾರಿನ ಎಂಜಿನ್ ಕೆಳಗೆ ರಸ್ತೆ ಇದೆ. ಪೆಟ್ರೋಲ್ ತೊಟ್ಟಿಕ್ಕಿದರೆ ನೆಲಕ್ಕೆ ಬೀಳುತ್ತದೆ, ಆವಿ ಗಾಳಿಗೆ ಹೋಗುತ್ತದೆ. ಬೋಟಿನ ಎಂಜಿನ್ ಒಂದು ಮುಚ್ಚಿದ ತೊಟ್ಟಿಯೊಳಗೆ ಕೂತಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ತಳದಲ್ಲಿ ಇಳಿದು ಅಲ್ಲೇ ಮಲಗುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆಯಷ್ಟು ಆವಿ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಕರಾವಳಿಯಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ಪೆಟ್ರೋಲ್ ಬೋಟ್ ರಿಪೇರಿಗೆ ಬಂತು. ಯಾರೋ ಕಾರಿನ ಎಲೆಕ್ಟ್ರಿಕ್ ಪಂಪ್ ಹಾಕಿ, ಕಾರಿನ ರಬ್ಬರ್ ಪೈಪ್ ಎಳೆದು, ಒಂದೇ ಕ್ಲಿಪ್ ಬಿಗಿದಿದ್ದರು. ನಾನು ಎಂಜಿನ್ ಮುಚ್ಚಳ ಎತ್ತಿ ಬಗ್ಗಿದ್ದೆ. ಕ್ಲಿಪ್ಪಿನ ಕೆಳಗೆ ಒಂದು ಹನಿ ಉಬ್ಬಿ ನಿಂತಿತ್ತು, ಬೀಳಲೋ ಬೇಡವೋ ಅನ್ನುವ ಹಾಗೆ. ವಾಸನೆ ಬಹಳ ಕಡಿಮೆ. ನಾನು "ತಡೀರಿ" ಅನ್ನುವಷ್ಟರಲ್ಲಿ ಮುಂದೆ ಕೂತಿದ್ದವರು ಕೀ ತಿರುಗಿಸಿದರು. ಸೆಲ್ಫ್ ಮೋಟರ್ ಕೂಡ ಕಾರಿನದ್ದೇ. ತಳದ ಉದ್ದಕ್ಕೂ ನೀಲಿ ಬೆಂಕಿ ನೀರು ಹರಿದ ಹಾಗೆ ಹರಿಯಿತು, ಶಬ್ದವೂ ಹೆಚ್ಚಿಲ್ಲ, ಕಂಬಳಿ ಕೊಡವಿದ ಹಾಗೆ ಒಂದು ಸದ್ದು. ನನ್ನ ಎಡಗೈ ಕೂದಲು, ಹುಬ್ಬು ಸುಟ್ಟುಹೋಯಿತು. ಮುಚ್ಚಳ ತೆರೆದಿತ್ತು ಅಂತ ಬದುಕಿದೆವು. ಮುಚ್ಚಿದ್ದರೆ ಬೋಟ್ ಸೀಳಿಹೋಗುತ್ತಿತ್ತು. ಇವತ್ತಿಗೂ ಯಾವ ಬೋಟಿನ ಮುಚ್ಚಳ ಎತ್ತಿದರೂ ಮೊದಲು ಮೂಗು, ಆಮೇಲೆ ಕೈ.

ಕಾರ್ಬುರೇಟರ್ ಬೋಟಿನಲ್ಲಿ ಪೈಪಿನ ಒತ್ತಡ ನಾಲ್ಕರಿಂದ ಆರು ಪಿಎಸ್‌ಐ. ಅಲ್ಲಿ ಕ್ಲಿಪ್ ಸಡಿಲವಾದರೆ ಹನಿ. ಕಾರಿನ ಎಂಪಿಎಫ್‌ಐನಲ್ಲಿ, ಅಂದರೆ ಸಿಲಿಂಡರಿಗೊಂದು ಇಂಜೆಕ್ಟರ್ ಇರುವ ಬಗೆಯಲ್ಲಿ, ಸುಮಾರು 43 ಪಿಎಸ್‌ಐ, ಅಂದರೆ ಮೂರು ಬಾರ್. ಅಲ್ಲಿ ಕ್ಲಿಪ್ ಸಡಿಲವಾದರೆ ಔಷಧಿ ಸಿಂಪಡಿಸುವ ಪಂಪಿನ ಹಾಗೆ ಚಿಮ್ಮುತ್ತದೆ. ಅದಕ್ಕೇ ಒತ್ತಡದ ಪಂಪನ್ನು ಟ್ಯಾಂಕಿನ ಹತ್ತಿರ ಇಡಬೇಡಿ. ಎಂಜಿನ್ ಮೇಲೆಯೇ ಅಥವಾ ಅದರಿಂದ ಒಂದು ಅಡಿಯೊಳಗೆ ಇರಲಿ. ಆಗ ಟ್ಯಾಂಕಿನಿಂದ ಬರುವ ಉದ್ದದ ಪೈಪು ಎಳೆತದಲ್ಲಿ ಇರುತ್ತದೆ. ಅದರಲ್ಲಿ ಎಲ್ಲಾದರೂ ತೂತು ಬಿದ್ದರೆ ಓಡುವಾಗ ಗಾಳಿ ಒಳಹೋಗುತ್ತದೆ, ಪೆಟ್ರೋಲ್ ಹೊರಚಿಮ್ಮುವುದಿಲ್ಲ. ಎಂಜಿನ್ ಕೆಮ್ಮಿ ನಿಲ್ಲುತ್ತದೆ, ಬೋಟ್ ಉರಿಯುವುದಿಲ್ಲ. ಟ್ಯಾಂಕಿನಿಂದ ಪೈಪು ಹೊರಡುವ ಬಾಯಲ್ಲಿ ಆಂಟಿ ಸೈಫನ್ ವಾಲ್ವ್ ಇರಲೇಬೇಕು, ಇಲ್ಲದಿದ್ದರೆ ನಿಂತಾಗ ಪೈಪು ಒಡೆದರೆ ಟ್ಯಾಂಕ್ ತಾನಾಗಿ ಖಾಲಿಯಾಗುತ್ತದೆ.

ಪಂಪ್ ಎಂಜಿನ್ ಸ್ಟಾರ್ಟ್ ಆಗುವಾಗ ಮತ್ತು ಓಡುವಾಗ ಮಾತ್ರ ನಡೆಯಬೇಕು. ಕೀ ಹಾಕಿದ ತಕ್ಷಣ ಇಸಿಯು ಒಂದೆರಡು ಸೆಕೆಂಡ್ ಪಂಪ್ ಓಡಿಸಿ ನಿಲ್ಲಿಸುವುದು ಸರಿ. ಕೀ ಆನ್ ಇರುವಷ್ಟು ಹೊತ್ತೂ ಓಡುವ ಹಾಗೆ ಯಾರಾದರೂ ನೇರ ವಯರ್ ಎಳೆದರೆ ಕಿತ್ತುಹಾಕಿಸಿ. ಪಂಪ್, ರಿಲೇ, ಡೈನಮೋ, ಸೆಲ್ಫ್ ಮೋಟರ್ ಎಲ್ಲವೂ ಕಿಡಿ ಹೊರಗೆ ಬಿಡದ ಮರೀನ್ ಮಾದರಿಯವೇ ಆಗಬೇಕು. ಪೈಪುಗಳ ಮೇಲೆ ಎ1-15 ಅಥವಾ ಎ1 ಅಂತ ಅಚ್ಚಾಗಿರುವ ಬೋಟ್ ಪೈಪ್ ತಗೊಳ್ಳಿ, ಎ1 ಗುರುತಿನವು ಬೆಂಕಿಯನ್ನು ಎರಡೂವರೆ ನಿಮಿಷ ತಡೆಯುವ ಹಾಗೆ ಮಾಡಿದವು. ಒತ್ತಡದ ಕಡೆ ಆ ಒತ್ತಡಕ್ಕೆ ತಕ್ಕ ಪೈಪ್ ಬೇಕು, ಕ್ಲಿಪ್ ಬೇಡ, ಅಚ್ಚುಹಾಕಿದ ಫಿಟ್ಟಿಂಗ್ ಇರಲಿ. ಇಂಜೆಕ್ಷನ್ ಹಾಕಿದ ಮೇಲೂ ಗಾಳಿ ಬಾಯಿಯ ಮೇಲೆ ಫ್ಲೇಮ್ ಅರೆಸ್ಟರ್ ಬೇಕೇ ಬೇಕು. ಕಾರಿನ ಏರ್ ಫಿಲ್ಟರ್ ಅದರ ಕೆಲಸ ಮಾಡುವುದಿಲ್ಲ. ಎಂಜಿನ್ ತೊಟ್ಟಿಯ ಆವಿಯನ್ನು ಹೊರಗೆ ತಳ್ಳುವ ಬ್ಲೋವರ್ ನಾಲ್ಕು ನಿಮಿಷ ಓಡಿಸಿ ಆಮೇಲೆ ಕೀ ತಿರುಗಿಸುವುದು ಪ್ರತಿ ದಿನದ ನಿಯಮ.

ಯಾವ ಬಗೆ? ನಿಮ್ಮ ಎಂಜಿನ್‌ಗೆ ಥ್ರಾಟಲ್ ಬಾಡಿ ಇಂಜೆಕ್ಷನ್. ಅಂದರೆ ಕಾರ್ಬುರೇಟರ್ ಕೂತಿದ್ದ ಜಾಗದಲ್ಲೇ ಕೂರುವ, ಇಂಜೆಕ್ಟರ್ ಒಳಗೇ ಇರುವ ಬಗೆ. ಇದಕ್ಕೆ ಕಾರಣ ಇದೆ. ಈ 3.0 ಎಂಜಿನ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಎರಕದಲ್ಲಿವೆ, ಒಳಗೆ ನೀರಿನ ದಾರಿಯೂ ಇದೆ. ನಾಲ್ಕು ಸಿಲಿಂಡರಿಗೆ ನಾಲ್ಕು ಇಂಜೆಕ್ಟರ್ ಕೂರಿಸಲು ಅದಕ್ಕೆ ತೂತು ಕೊರೆಯಲು ಹೋದರೆ ನೀರಿನ ಗೋಡೆಗೇ ಕೈ ಹಾಕಿದಂತೆ. ಮೇಟಗಳ್ಳಿಯಲ್ಲಿ ಎಂಥ ಒಳ್ಳೆಯ ಲೇತ್ ಕೆಲಸದವರಿದ್ದರೂ ನಾನು ಆ ಕೆಲಸ ಮಾಡಿಸುವುದಿಲ್ಲ. ಥ್ರಾಟಲ್ ಬಾಡಿಯಲ್ಲೂ ಕಡಿಮೆ ಒತ್ತಡದವು ಇವೆ, ಹದಿನೈದು ಪಿಎಸ್‌ಐ ಒಳಗೆ ಕೆಲಸ ಮಾಡುವಂಥವು. ಸಿಕ್ಕರೆ ಅದನ್ನೇ ಆರಿಸಿ.

ಅಳತೆ ಹೀಗೆ. ಸುಮಾರು 135 ಹಾರ್ಸ್‌ಪವರ್. ಪೂರ್ತಿ ವೇಗದಲ್ಲಿ ಗಂಟೆಗೆ ನಲವತ್ತೊಂದು ಲೀಟರ್ ಆಸುಪಾಸು ಪೆಟ್ರೋಲ್, ಅಂದರೆ ನಿಮಿಷಕ್ಕೆ 680 ಸಿಸಿ. ಇಂಜೆಕ್ಟರ್ ಸಮಯದ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ತೆರೆದಿರಬಾರದು, ಹಾಗಾಗಿ 850. ಇ20ಗಾಗಿ ಇನ್ನು ಸ್ವಲ್ಪ ಸೇರಿಸಿ 920. ಎರಡು ಇಂಜೆಕ್ಟರ್ ಇರುವ ಥ್ರಾಟಲ್ ಬಾಡಿ ಆದರೆ ಒಂದೊಂದೂ ಕನಿಷ್ಠ 460 ಸಿಸಿಯದ್ದು. ದೊಡ್ಡ ಅಮೆರಿಕನ್ ವಿ8 ಎಂಜಿನ್‌ಗೆ ಮಾಡಿದ ನಾಲ್ಕು ಬಾಯಿಯ ಕಿಟ್ ತಂದರೆ ನಿಧಾನ ಓಟದಲ್ಲಿ ಅದು ಹದಕ್ಕೆ ಬರುವುದು ಕಷ್ಟ.

ಡಿಸ್ಟ್ರಿಬ್ಯೂಟರ್ ಹಾಗೇ ಇರಲಿ, ಇಗ್ನಿಷನ್ ಮುಟ್ಟಬೇಡಿ. ಇಸಿಯು ಕಾಯಿಲ್‌ನ ಮೈನಸ್ ತುದಿಯಿಂದ ಆರ್‌ಪಿಎಂ ಎಣಿಸಿಕೊಳ್ಳಲಿ. ಇಲ್ಲಿ ಮತ್ತೆ ಆ ಶಿಫ್ಟ್ ಸ್ವಿಚ್ ಬರುತ್ತದೆ. ಅದು ಇಗ್ನಿಷನ್ ಕಡಿದಾಗ ಇಸಿಯು ಕಣ್ಣಿಗೆ ಎಂಜಿನ್ ನಿಂತಂತೆ ಕಾಣುತ್ತದೆ, ಪೆಟ್ರೋಲನ್ನೂ ನಿಲ್ಲಿಸಿಬಿಡಬಹುದು. ಕೇಬಲ್ ಸರಿಮಾಡದೆ ಇಂಜೆಕ್ಷನ್ ಹಾಕಿದರೆ ದಡದ ಹತ್ತಿರ ಎಂಜಿನ್ ಆಫ್ ಆಗುವುದು ಇನ್ನೂ ಜಾಸ್ತಿಯಾಗುತ್ತದೆ.

ಲೆಕ್ಕ ತುಂಬುವಾಗ ಕಾರಿನ ಟ್ಯೂನರ್‌ಗಳು ಎರಡು ಕಡೆ ಎಡವುತ್ತಾರೆ. ಮೊದಲನೆಯದು ಬಿಸಿ. ಕಾರಿನ ಇಸಿಯು ಎಂಬತ್ತು ಡಿಗ್ರಿ ಮುಟ್ಟುವವರೆಗೆ ಎಂಜಿನ್ ಇನ್ನೂ ತಣ್ಣಗಿದೆ ಅಂತ ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ. ನಿಮ್ಮದು 60 ಡಿಗ್ರಿಯ ಥರ್ಮೋಸ್ಟಾಟ್ ಆದರೆ ಆ ಎಂಬತ್ತು ಯಾವತ್ತೂ ಬರುವುದಿಲ್ಲ. ಬೆಳಗಿನಿಂದ ಸಂಜೆವರೆಗೆ ಚೋಕ್ ಎಳೆದು ಓಡಿಸಿದ ಹಾಗೆ. ಆ ಜಾಸ್ತಿ ಪೆಟ್ರೋಲ್ ನಿಮ್ಮ ಥರ್ಮೋಸ್ಟಾಟ್ ಮಟ್ಟಕ್ಕೆ ನಾಲ್ಕೈದು ಡಿಗ್ರಿ ಕೆಳಗೇ ಸೊನ್ನೆಗೆ ಬರುವ ಹಾಗೆ ತಿದ್ದಿಸಿ.

ಎರಡನೆಯದು ಭಾರ. ಕಾರು ಶ್ರೀರಂಗಪಟ್ಟಣದ ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುವಾಗ ಎಂಜಿನ್ ಮೇಲೆ ಭಾರವೇ ಇಲ್ಲ. ಬೋಟ್ ಹಾಗಲ್ಲ. ಎರಡನೇ ಗೇರಿನಲ್ಲಿ ಚಾಮುಂಡಿ ಬೆಟ್ಟ ಹತ್ತುತ್ತಲೇ ಇದ್ದು, ಬೆಟ್ಟ ಮುಗಿಯದೇ ಹೋದರೆ ಹೇಗೋ ಹಾಗೆ. ತಾನೇ ಕಲಿಯುತ್ತದೆ ಅನ್ನುವ ಕಾರಿನ ಕಿಟ್, ಸಮ ವೇಗ ಕಂಡ ತಕ್ಷಣ ಮಿತವ್ಯಯಕ್ಕೆ ಇಳಿದು ಮಿಶ್ರಣ ಲೀನ್ ಮಾಡುತ್ತದೆ. ಅಷ್ಟು ಭಾರದಲ್ಲಿ ಲೀನ್ ಓಡಿದರೆ ಪಿಸ್ಟನ್ ತಲೆ ಕರಗುತ್ತದೆ. ನೀರಿನ ಸದ್ದಿನಲ್ಲಿ ಟಕಟಕ ಬಡಿತ ಕೇಳಿಸುವುದೂ ಇಲ್ಲ. ಮುಕ್ಕಾಲು ಥ್ರಾಟಲ್ ದಾಟಿದ ಮೇಲೆ ಹೊಗೆ ನೋಡಿ ಮಿಶ್ರಣ ಅಳೆಯುವ ಮೀಟರಿನಲ್ಲಿ ಪೆಟ್ರೋಲ್ ಲೆಕ್ಕದ 12.5ರ ಹತ್ತಿರ, ಲ್ಯಾಂಬ್ಡಾ (ಸರಿಯಾದ ಮಿಶ್ರಣಕ್ಕೆ 1 ಅಂತ ಇಟ್ಟ ಅಳತೆ) ಆದರೆ 0.85ರ ಹತ್ತಿರ ಇರಲಿ. ಇ20 ಓಡಿಸುವಾಗ ಲ್ಯಾಂಬ್ಡಾ ನೋಡುವುದೇ ಸುಲಭ, ಗೊಂದಲವಿಲ್ಲ.

ಆ ಮೀಟರಿನ ಆಕ್ಸಿಜನ್ ಸೆನ್ಸರ್ ಇನ್ನೊಂದು ತಲೆನೋವು. ಬೋಟಿನಲ್ಲಿ ಹೊಗೆಗೆ ನೀರು ಬೆರೆಸಿ ಹೊರಬಿಡುತ್ತಾರೆ. ಬಿಸಿಯಾದ ಸೆನ್ಸರ್‌ಗೆ ಒಂದು ಹನಿ ನೀರು ತಗುಲಿದರೆ ಒಳಗಿನ ಪಿಂಗಾಣಿ ಬಿರುಕು ಬಿಡುತ್ತದೆ. ನಿಧಾನ ಓಟದಲ್ಲಿ ನೀರು ಹಿಂದಕ್ಕೂ ತೂರುತ್ತದೆ. ಆದ್ದರಿಂದ ಸೆನ್ಸರ್ ನೀರು ಸೇರುವುದಕ್ಕಿಂತ ಬಹಳ ಮೊದಲು, ಮೇಲ್ಮುಖವಾಗಿ ಇರಬೇಕು. ನನ್ನ ಅಭಿಪ್ರಾಯ ಕೇಳಿದರೆ ಟ್ಯೂನ್ ಮಾಡುವ ದಿನ ಮಾತ್ರ ಹಾಕಿ, ಲೆಕ್ಕ ಕೂತ ಮೇಲೆ ತೆಗೆದು ತೂತಿಗೆ ಬೋಲ್ಟ್ ಬಿಗಿಸಿ, ಇಸಿಯು ಸೆನ್ಸರ್ ಇಲ್ಲದೆ ಓಡಲಿ.

ಉಳಿದಿದ್ದು ಸಣ್ಣ ಪುಟ್ಟವು. ಪಂಪ್, ಇಂಜೆಕ್ಟರ್, ಇಸಿಯು ಸೇರಿ ಹತ್ತು ಹದಿನೈದು ಆಂಪಿಯರ್ ಎಳೆಯುತ್ತವೆ, ಡೈನಮೋ ಅಷ್ಟು ಕೊಡುತ್ತಿದೆಯಾ ನೋಡಿಸಿ. ರಿಟರ್ನ್ ಪೈಪು ಟ್ಯಾಂಕಿಗೇ ಹೋಗಲಿ. ಎಂಜಿನ್ ಹತ್ತಿರವೇ ಸುತ್ತು ಹೊಡೆಸಿದರೆ ಪೆಟ್ರೋಲ್ ಕಾದು ಆವಿಯಾಗಿ ಮಧ್ಯಾಹ್ನದ ಬಿಸಿಲಲ್ಲಿ ಸ್ಟಾರ್ಟ್ ಆಗುವುದಿಲ್ಲ. ಬೋಟ್ 2021ರ ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆ ಪ್ರಕಾರ ನೋಂದಣಿಯಾಗಿದ್ದರೆ, ವಿಮೆ ಇದ್ದರೆ, ಕೆಲಸ ಶುರು ಮಾಡುವ ಮೊದಲೇ ತಪಾಸಣೆ ಮಾಡುವವರಿಗೂ ವಿಮೆಯವರಿಗೂ ತಿಳಿಸಿ. ಜನರನ್ನು ಕೂರಿಸುವ ಬೋಟಿದು.

ನಾನು ನಿಮ್ಮ ಜಾಗದಲ್ಲಿದ್ದರೆ ಈ ವರ್ಷ ಶಿಫ್ಟ್ ಕೇಬಲ್, ಥರ್ಮೋಸ್ಟಾಟ್, ಟ್ಯಾಂಕ್, ಪೈಪು, ಪ್ರೊಪೆಲ್ಲರ್ ಮಾಡಿಸುತ್ತಿದ್ದೆ. ಕಾರ್ಬುರೇಟರ್‌ಗೆ ಎಥನಾಲ್ ತಡೆಯುವ ಕಿಟ್ ಹಾಕಿಸಿ, ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಪ್ಲಗ್ ಬಣ್ಣ ನೋಡುತ್ತಿದ್ದೆ. ಬೇಸಿಗೆಗೆ ನಿಲ್ಲಿಸುವಾಗ ಪೆಟ್ರೋಲ್ ಪೈಪು ಮುಚ್ಚಿ, ಬಟ್ಟಲು ಖಾಲಿಯಾಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸುತ್ತಿದ್ದೆ. ಓಡಿಸುವಾಗ ಡ್ರೈವಿಗೆ ನೀರು ಸಿಗುತ್ತಿರಬೇಕು, ಇಲ್ಲದಿದ್ದರೆ ನೀರಿನ ಪಂಪಿನ ರಬ್ಬರ್ ಸುಟ್ಟುಹೋಗುತ್ತದೆ. ಒಂದು ಮಳೆಗಾಲ, ಒಂದು ದಸರಾ ಸೀಸನ್ ಹೀಗೆ ಓಡಿಸಿ ನೋಡಿ. ಆಮೇಲೂ ಇಂಜೆಕ್ಷನ್ ಬೇಕು ಅನ್ನಿಸಿದರೆ ಅಡಿಪಾಯದ ಕೆಲಸ ಎಲ್ಲ ಆಗಿಯೇ ಇರುತ್ತದೆ, ಒಂದು ರೂಪಾಯಿಯೂ ದಂಡವಾಗಿರುವುದಿಲ್ಲ.

ಹಾಕಿಸಿದ ಮೇಲೆ ಹಳೇ ಕಾರ್ಬುರೇಟರನ್ನು ಬಿಸಾಡಬೇಡಿ. ಒಣಗಿಸಿ, ಎಣ್ಣೆ ಹಚ್ಚಿ, ಗ್ಯಾಸ್ಕೆಟ್ ಜೊತೆ ಡಬ್ಬಿಯಲ್ಲಿ ಇಡಿ. ಜೆಟ್ ಕಟ್ಟಿದರೆ ಊದಿ ದಡ ಸೇರಬಹುದು, ಇಸಿಯು ಕೈಕೊಟ್ಟರೆ ಹುಟ್ಟು ಹಾಕಬೇಕು. ಅದಕ್ಕೇ ಬೋಟಿನಲ್ಲಿ ಎರಡು ಹುಟ್ಟು, ಲಂಗರು, ಎಲ್ಲರಿಗೂ ಲೈಫ್ ಜಾಕೆಟ್, ಒಂದು ಸ್ಪೇರ್ ರಿಲೇ, ಸ್ಪೇರ್ ಫ್ಯೂಸ್ ಇರಲಿ.

ಮತ್ತೆ ಬರೆಯುವಾಗ ನಾಲ್ಕು ವಿಷಯ ತಿಳಿಸಿ: ನಾಲ್ಕೂ ಸಿಲಿಂಡರಿನ ಕಂಪ್ರೆಷನ್, ಥರ್ಮೋಸ್ಟಾಟ್ ಒಳಗಿತ್ತಾ ಇಲ್ಲವಾ, ಟ್ಯಾಂಕ್ ಯಾವುದರದ್ದು, ಪೂರ್ತಿ ಜನರೊಂದಿಗೆ ಎಂಜಿನ್ ಮುಟ್ಟಿದ ಆರ್‌ಪಿಎಂ. ಅದು ಬಂದ ಮೇಲೆ ಪ್ರೊಪೆಲ್ಲರ್ ಸೈಜ್ ಮತ್ತು ಥ್ರಾಟಲ್ ಬಾಡಿ ಎರಡನ್ನೂ ಲೆಕ್ಕ ಹಾಕಿ ಹೇಳುತ್ತೇನೆ. ಅಲ್ಲಿಯವರೆಗೆ ಆ ಸ್ವಿಚ್ಚಿನ ಪರೀಕ್ಷೆ ಮಾತ್ರ ಈ ಭಾನುವಾರವೇ ಮಾಡಿ, ದಡದ ಕಲ್ಲಿನಿಂದ ದೂರ.